ತಾಳೆಯಾಗದ ಸಾಲು

ಮೇಷ್ಟ್ರು ಕೊಟ್ಟ ಪೆನ್‌ಡ್ರೈವ್‌ನ ಸಾಲು ತಾಳೆಯಾಗಲಿಲ್ಲ.

ಎರಡನೇ ಸಲ ನೋಡಿದೆ. ಮೂರನೇ ಸಲ ಪರದೆಯ ಮೇಲೆ ಸ್ಕೇಲ್ ಇಟ್ಟುಕೊಂಡು ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ನೋಡಿದೆ. ಸ್ಕೇಲಿನ ಅಗತ್ಯವೇ ಇರಲಿಲ್ಲ, ಮೊದಲನೇ ಅಕ್ಷರವೇ ಬೇರೆ ಇತ್ತು. ಆದರೂ ನನ್ನ ಬುದ್ಧಿಯೇ ಹಾಗೆ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದ ಮೇಲೆ ಹಿಂತಿರುಗಿ ಬಂದು ಜಗ್ಗಿ ನೋಡುವವಳು ನಾನು.

ಪೆನ್‌ಡ್ರೈವ್‌ನಲ್ಲಿದ್ದದ್ದು ಒಂದು ಆಪರೇಟಿಂಗ್ ಸಿಸ್ಟಮ್. ಕಂಪ್ಯೂಟರಿನ ಒಳಗಿರುವ ಯಾವುದನ್ನೂ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಎದ್ದು ಓಡುತ್ತದೆ. ಕಿತ್ತ ಕ್ಷಣ ತಾನು ನೋಡಿದ್ದನ್ನೆಲ್ಲ ಮರೆತುಬಿಡುತ್ತದೆ. ಅದನ್ನು ಮಾಡಿದವರು ತಮ್ಮ ಪುಟದಲ್ಲಿ ಅಕ್ಷರ, ಅಂಕಿ ಬೆರೆತ ಒಂದು ಉದ್ದನೆಯ ಸಾಲು ಪ್ರಕಟಿಸಿರುತ್ತಾರೆ. ನಮ್ಮ ಪ್ರತಿಯಿಂದ ಲೆಕ್ಕ ಹಾಕಿದಾಗಲೂ ಅದೇ ಸಾಲು ಬರಬೇಕು. ಒಳಗೆ ಯಾರಾದರೂ ಒಂದು ಚುಕ್ಕೆ ಬದಲಾಯಿಸಿದ್ದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಇದನ್ನು ಸಂಜೆ ತರಗತಿಯಲ್ಲಿ ನನಗೆ ಕಲಿಸಿದವರು ಇದೇ ಮೇಷ್ಟ್ರು. "ಕೊಟ್ಟೋರು ಯಾರೇ ಆಗಿರಲಿ, ಸಾಲು ನೋಡದೆ ನಂಬಬೇಡಿ" ಎಂದು ಬೋರ್ಡಿನ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ಅವರ ಕೈಯಿಂದಲೇ ಬಂದದ್ದನ್ನು ಹೀಗೆ ಪರೀಕ್ಷಿಸುತ್ತೇನೆಂದು ಆಗ ನಾನು ಅಂದುಕೊಂಡಿರಲಿಲ್ಲ. ಅವರೂ ಅಂದುಕೊಂಡಿರಲಿಕ್ಕಿಲ್ಲ.

"ಏನೇ ಪುಕ್ಕಲಿ, ಇನ್ನೂ ಶುರುನೇ ಮಾಡಿಲ್ವ?" ಮನೆಗೂ ನಮ್ಮ ಮುದ್ರಣದ ಅಂಗಡಿಗೂ ನಡುವಿನ ಬಾಗಿಲಲ್ಲಿ ಅಣ್ಣ ನಿಂತಿದ್ದ. ಒಂದು ಹೆಗಲಿಗೆ ಟವೆಲ್, ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆ. "ಸಂಜೆ ಟ್ಯಾಕ್ಸಿ ಬರುತ್ತೆ ಕಣೆ. ಹಡಗು ನಿನಗೋಸ್ಕರ ಕಾಯಲ್ಲ."

ಅಣ್ಣ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಾನೆ. ಮದುವೆಯಾದಾಗಿನಿಂದ ಮನೆಯಲ್ಲಿದ್ದದ್ದಕ್ಕಿಂತ ನೀರಿನ ಮೇಲಿದ್ದದ್ದೇ ಹೆಚ್ಚು. ಸಂಬಳ ಒಂದೊಂದು ಸಲ ಒಂದೊಂದು ದೇಶದಲ್ಲಿ ಕೈಸೇರುತ್ತಿದ್ದರಿಂದ ಉಳಿಸಿದ್ದನ್ನೆಲ್ಲ ಬಿಟ್‌ಕಾಯಿನ್ ಮಾಡಿ ಫೋನಿನಲ್ಲಿಟ್ಟುಕೊಂಡಿದ್ದ. ಹೋದ ಸಲ ಅವನ ಜೊತೆಗಾರನೊಬ್ಬನ ಫೋನು ಡೆಕ್ಕಿನಿಂದ ಜಾರಿ ಸಮುದ್ರಕ್ಕೆ ಬಿತ್ತು. ಅವನ ಉಳಿತಾಯವೂ ಅದರ ಜೊತೆಗೇ ಮುಳುಗಿತು. ಆ ಮನುಷ್ಯ ಮೂರು ದಿನ ಊಟ ಬಿಟ್ಟಿದ್ದನಂತೆ. ಅದನ್ನು ಕಣ್ಣಾರೆ ನೋಡಿ ಬಂದ ಅಣ್ಣ ಹೊರಡುವ ಮುಂಚೆ ಆ ಹಣದ ಕೀಲಿಯಾದ ಗುಟ್ಟಿನ ಪದಗಳನ್ನು ಕಾಗದಕ್ಕೆ ಇಳಿಸಬೇಕೆಂದು ಹಟ ಹಿಡಿದಿದ್ದ. ಒಂದು ಕಾಗದ ಅವನ ಹತ್ತಿರ, ಒಂದು ಅತ್ತಿಗೆಯ ಹತ್ತಿರ. ಇದೇ ಕೊನೆಯ ಪ್ರಯಾಣ, ಬಂದ ಮೇಲೆ ಈ ಮುದ್ರಣದ ಅಂಗಡಿಯನ್ನೇ ದೊಡ್ಡದು ಮಾಡಿಕೊಂಡು ಇಲ್ಲೇ ಇರುತ್ತೇನೆ ಎಂದು ಅತ್ತಿಗೆಗೆ ಮಾತು ಕೊಟ್ಟಿದ್ದ. ಅಂದರೆ ಆ ಕಾಗದ ಕೆಟ್ಟರೆ ಅಣ್ಣ ಮತ್ತೆ ಹೋಗಬೇಕು. ಅದಾದ ಮೇಲೆ ಇನ್ನೊಮ್ಮೆ.

"ಮೇಷ್ಟ್ರು ಕೊಟ್ಟದ್ದು ತಾಳೆ ಆಗ್ತಿಲ್ಲ" ಎಂದೆ.

"ಹಾಗಂದ್ರೆ?"

"ಒಳಗೆ ಏನೋ ಬದಲಾಗಿದೆ ಅಂತ."

"ಪೆನ್‌ಡ್ರೈವ್ ಇಲ್ಲದೆ ಅಂಗಡಿ ಕಂಪ್ಯೂಟರಿನಲ್ಲೇ ಮಾಡಿಬಿಡೆ. ಇಂಟರ್ನೆಟ್ ವೈರು ಕಿತ್ತರಾಯ್ತು."

"ಊರಿನ ಪೆನ್‌ಡ್ರೈವ್‌ಗಳೆಲ್ಲ ಮೂತಿ ಹಾಕಿರೋ ಕಂಪ್ಯೂಟರ್ ಇದು. ಈಗ ವೈರು ಕೀಳ್ತೀನಿ ಸರಿ, ನಾಳೆ ಮತ್ತೆ ಹಾಕಲೇಬೇಕಲ್ಲ? ಒಳಗೆ ಕೂತಿರೋ ವೈರಸ್ಸು ಇವತ್ತು ನೋಡಿ ನಾಳೆ ಹೇಳುತ್ತೆ."

"ಅಬ್ಬ! ಚಾಡಿ ಹೇಳೋ ಅತ್ತೆ ಇದ್ದ ಹಾಗಿದೆಯಲ್ಲೇ ನಿನ್ನ ಕಂಪ್ಯೂಟರು" ಎಂದು ನೊರೆ ಒರೆಸಿಕೊಳ್ಳುತ್ತ ಹೋದ.

ನನ್ನ ಹತ್ತಿರ ಇನ್ನೊಂದು ಪೆನ್‌ಡ್ರೈವ್ ಇತ್ತು. ಮಾಡಿದವರ ಪುಟದಿಂದಲೇ ನಾನು ಇಳಿಸಿಕೊಂಡದ್ದು. ಸಾಲು ಅಕ್ಷರಕ್ಕೆ ಅಕ್ಷರ ಕೂಡುತ್ತಿತ್ತು. ಅದಕ್ಕಿದ್ದ ತೊಂದರೆ ಒಂದೇ, ನಮ್ಮ ದೊಡ್ಡ ಪ್ರಿಂಟರನ್ನು ಅದು ಗುರುತಿಸುತ್ತಿರಲಿಲ್ಲ. ಇದನ್ನು ಹೇಳಿಕೊಂಡಾಗಲೇ ಮೇಷ್ಟ್ರು ಮರುದಿನ ತಮ್ಮ ಪೆನ್‌ಡ್ರೈವ್ ತಂದುಕೊಟ್ಟಿದ್ದರು. "ಇದು ನಿಮ್ಮ ಪ್ರಿಂಟರಿಗೂ ಆಗುತ್ತೆ, ತಗೋ" ಎಂದಷ್ಟೇ ಹೇಳಿದ್ದರು. ಹೇಗೆ ಆಗುತ್ತದೆ ಎಂದು ನಾನು ಕೇಳಿರಲಿಲ್ಲ.

ಎರಡು ಪೆನ್‌ಡ್ರೈವ್‌ಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಾಗ ಮೇಷ್ಟ್ರೇ ಅಂಗಡಿಗೆ ಬಂದರು. ತರಗತಿಯ ಟಿಪ್ಪಣಿಗಳ ಪ್ರತಿ ತೆಗೆಸಬೇಕಿತ್ತು. ಅತ್ತಿಗೆ ಹಾಳೆಗಳನ್ನು ಇಸಕೊಂಡು ಹಿಂದಿನ ಕೋಣೆಗೆ ಹೋದರು.

"ಏನಮ್ಮಾ, ನಾನು ಕೊಟ್ಟದ್ದು ಕೆಲಸ ಮಾಡ್ತಾ?"

ಸುಳ್ಳು ಹೇಳಬಹುದಿತ್ತು. "ಇನ್ನೂ ನೋಡಿಲ್ಲ ಸಾರ್" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಮುಖದ ಮೇಲೆ ಸುಳ್ಳು ನಿಲ್ಲುವುದಿಲ್ಲ.

"ಸಾಲು ತಾಳೆ ಆಗಲಿಲ್ಲ ಸಾರ್."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆಗಲ್ಲ. ನಿಮ್ಮ ಪ್ರಿಂಟರನ್ನ ಓಡಿಸೋ ಡ್ರೈವರ್ ಪ್ರೋಗ್ರಾಂ ನಾನೇ ಅದರೊಳಗೆ ಸೇರಿಸಿದ್ದೀನಿ. ಭಾನುವಾರ ಪೂರ್ತಿ ಕೂತು ಮಾಡಿದ್ದು."

"ಹೌದಾ ಸಾರ್."

"ಹೌದಾ ಅಂದ್ರೆ? ಬೇರೆ ಏನಾದ್ರೂ ಸೇರಿಸಿದ್ದೀನಿ ಅಂದ್ಕೊಂಡ್ಯಾ?"

ಅವರು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು. ಸಂಬಳ ಸಿಗಲಿ ಬಿಡಲಿ ತರಗತಿ ತಪ್ಪಿಸದ ಮನುಷ್ಯ ಅವರು. ಆದರೆ ಆ ಡ್ರೈವರನ್ನು ಅವರು ಎಲ್ಲಿಂದ ತಂದರೋ, ಅಲ್ಲಿಗೆ ಅದನ್ನು ಇಟ್ಟವರು ಯಾರೋ? ನಂಬಿಕೆ ಇದ್ದದ್ದು ಮೇಷ್ಟ್ರ ಮೇಲೆ. ಪೆನ್‌ಡ್ರೈವ್‌ನ ಒಳಗಿದ್ದದ್ದು ಮೇಷ್ಟ್ರಲ್ಲವಲ್ಲ. ಇದನ್ನು ಹೀಗೇ ಹೇಳಿದ್ದರೆ ಬಹುಶಃ ಅವರಿಗೆ ನೋವಾಗುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಬೇರೆ.

"ಇದು ಅಣ್ಣನ ದುಡಿಮೆ ಸಾರ್. ನನ್ನದಾಗಿದ್ರೆ ನಿಮ್ಮದನ್ನೇ ಹಾಕ್ತಿದ್ದೆ."

"ಸರಿ, ಸರಿ" ಎಂದರು. ಕನ್ನಡಕ ಹಾಕಿಕೊಂಡರು. "ಕಲಿಸಿದ್ದು ನಾನೇ ಅಲ್ವ. ಯಾರನ್ನ ಬೈಲಿ?" ಅತ್ತಿಗೆ ಟಿಪ್ಪಣಿಯ ಪ್ರತಿಗಳನ್ನು ತಂದುಕೊಡುವಷ್ಟರಲ್ಲಿ ಅವರು ಬೀದಿಗೆ ಇಳಿದಿದ್ದರು. ಅತ್ತಿಗೆ ಓಡಿಹೋಗಿ ಕೊಟ್ಟು ಬಂದರು. ಪೆನ್‌ಡ್ರೈವ್ ನನ್ನ ಮೇಜಿನ ಮೇಲೆಯೇ ಉಳಿಯಿತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಅಣ್ಣ ಹೊರಗೆ ಬಂದ. "ಗುರುವಿಗೇ ತಿರುಮಂತ್ರ ಹಾಕಿದೆಯಲ್ಲೇ! ನನ್ನ ದುಡ್ಡು ಉಳಿಸೋಕೆ ಹೋಗಿ ನಿನ್ನ ಮೇಷ್ಟ್ರನ್ನ ಕಳಕೊಂಡೆ."

ನಾನು ತಾಳೆಯಾದ ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಆನ್ ಮಾಡಿದೆ.

ದೊಡ್ಡ ಪ್ರಿಂಟರನ್ನು ಅದು ಈ ಸಲವೂ ಗುರುತಿಸಲಿಲ್ಲ. ಮೂಲೆಯಲ್ಲಿದ್ದ ಚಿಕ್ಕದನ್ನು ಮಾತ್ರ ಸಿಕ್ಕಿಸಿದ ಕೂಡಲೇ ಗುರುತಿಸಿತು. ಅದು ಅಂಗಡಿಗಳಿಗೆ ಬೆಲೆ ಚೀಟಿ ಮುದ್ರಿಸುವ ಯಂತ್ರ. ಅದಕ್ಕೆ ಶಾಯಿ ಬೇಡ. ಕಾಗದಕ್ಕೇ ಒಂದು ಲೇಪ ಇರುತ್ತದೆ, ಬಿಸಿ ತಾಗಿದಲ್ಲಿ ಅದು ಕಪ್ಪಾಗಿ ಅಕ್ಷರ ಮೂಡುತ್ತದೆ. ಬಟ್ಟೆಯಂಗಡಿಯೊಂದರ ಕೆಲಸಕ್ಕೆಂದು ಹಿಂದಿನ ದಿನವಷ್ಟೇ ತಂದಿದ್ದ ಹೊಸ ರೋಲ್ ಅದರಲ್ಲಿತ್ತು. ಅಂಟಿಲ್ಲದ, ದಪ್ಪನೆಯ ಟ್ಯಾಗಿನ ಕಾಗದ. ಮುಟ್ಟಿದರೆ ಕಾರ್ಡಿನ ಹಾಗೇ ಇತ್ತು. ಬಿಸಿಲಿಗೆ, ಶಾಖಕ್ಕೆ ಇಡದಿದ್ದರೆ ಈ ಪ್ರಯಾಣ ಮುಗಿಯುವವರೆಗೆ ಬಾಳುತ್ತದೆ ಎಂದು ಲೆಕ್ಕ ಹಾಕಿದೆ. ಎಂಜಿನ್ ಕೋಣೆಗೆ ಒಯ್ಯಬೇಡ ಎಂದು ಅಣ್ಣನಿಗೆ ಹೇಳಬೇಕೆಂದೂ ಅಂದುಕೊಂಡೆ. ಕೈಯಲ್ಲಿ ಬರೆಯುವ ಯೋಚನೆ ಬಂದದ್ದೂ ಉಂಟು. ಅಣ್ಣನ ಬರಹವನ್ನು ಅವನೇ ಓದಲಾರ. ನಾನು ಬರೆದರೆ ಒಂದು ಅಕ್ಷರ ತಪ್ಪಿಬಿಟ್ಟೇನೆಂಬ ಭಯ ನನಗೆ.

"ಎಲ್ಲರೂ ಹೊರಗೆ ಹೋಗಿ" ಎಂದೆ. "ಮುಗಿಯೋವರೆಗೂ ಯಾರೂ ಬರಬಾರದು. ಅತ್ತಿಗೆ, ನೀವೂ."

"ನಾನೂನಾ? ನನ್ನ ಗಂಡನ ದುಡ್ಡು ನಾನು ನೋಡಬಾರದಾ?"

"ಫೋನ್ ಒಳಗೆ ಬರಬಾರದು ಅತ್ತಿಗೆ, ಅದಕ್ಕೆ."

"ಹೋಗಲಿ ಬಿಡು, ಹೆರಿಗೆ ಕೋಣೆ ಅಂದ್ಕೊಳ್ತೀನಿ" ಎಂದು ಬಾಗಿಲು ಎಳೆದುಕೊಂಡರು.

ಅದರಲ್ಲಿದ್ದ ಬಿಟ್‌ಕಾಯಿನ್ ಪ್ರೋಗ್ರಾಂ ತೆರೆದು ಹಣಕ್ಕೆ ಹೊಸ ಪೆಟ್ಟಿಗೆ ಮಾಡಿದೆ, ಹನ್ನೆರಡು ಪದಗಳು ಬಂದವು. ಕೊಡೆ, ಸೇಬು, ಕಿಟಕಿ ಅನ್ನುವಂಥ ಇಂಗ್ಲಿಷಿನ ಸಾಧಾರಣ ಪದಗಳು. ಆ ಹನ್ನೆರಡು ಪದ ಕ್ರಮವಾಗಿ ಯಾರ ಕೈಯಲ್ಲಿರುತ್ತದೋ ಹಣ ಅವರದು. ಒಂದರ ಕೆಳಗೊಂದು ಪದಗಳು, ತಳದಲ್ಲಿ ಹಣ ಕಳಿಸಬೇಕಾದ ವಿಳಾಸ. ಇಷ್ಟೂ ಇರುವ ಎರಡು ಟ್ಯಾಗ್ ಮುದ್ರಿಸಿದೆ. ಟ್ಯಾಗ್ ನೋಡಿ ಪದಗಳನ್ನು ಮತ್ತೆ ತುಂಬಿದೆ. ಅದೇ ವಿಳಾಸ ಬಂತು. ಅಣ್ಣನನ್ನು ಕರೆದು, ಪದಗಳನ್ನು ಕೈಯಿಂದ ಮುಚ್ಚಿಕೊಂಡು, ವಿಳಾಸ ಮಾತ್ರ ಅವನ ಫೋನಿಗೆ ತೋರಿಸಿದೆ. ನನ್ನ ಒತ್ತಾಯಕ್ಕೆ ಮೊದಲು ಚಿಲ್ಲರೆ ಕಳಿಸಿದ, ಅದು ಮುಟ್ಟಿತು. ಆಮೇಲೆ ಉಳಿದದ್ದೆಲ್ಲವನ್ನೂ. ಅದೂ ಮುಟ್ಟಿತು. ಫೋನಿನ ಪೆಟ್ಟಿಗೆ ಖಾಲಿಯಾಯಿತು.

ನಾನು ಪೆನ್‌ಡ್ರೈವ್ ಕಿತ್ತೆ. ಪರದೆ ಕಪ್ಪಾಯಿತು. ಇನ್ನು ಆ ಹನ್ನೆರಡು ಪದ ಈ ಭೂಮಿಯ ಮೇಲೆ ಎರಡು ಟ್ಯಾಗುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ ಎಂದುಕೊಂಡಾಗ ಬೆಳಗಿನಿಂದ ಮೊದಲ ಸಲ ಉಸಿರು ಸರಾಗವಾಯಿತು. ಟ್ಯಾಗುಗಳನ್ನು ಒಂದು ಲಕೋಟೆಗೆ ಹಾಕಿ ಅತ್ತಿಗೆಯ ಕೈಗಿತ್ತು, ಮುಖ ತೊಳೆಯಲು ಹೋದೆ.

ಕಣ್ಣಿಗೆ ನೀರು ಎರಚಿಕೊಳ್ಳುತ್ತಿದ್ದಾಗ ಹಿಂದಿನ ಕೋಣೆಯಿಂದ ಗುಂಯ್ ಎಂಬ ಸದ್ದು ಕೇಳಿಸಿತು. ದಿನಾ ಕೇಳುವ ಸದ್ದು, ಲ್ಯಾಮಿನೇಷನ್ ಯಂತ್ರದ್ದು. ಮೊದಲು ಏನೂ ಅನ್ನಿಸಲಿಲ್ಲ. ಅಣ್ಣ ಹೊರಡುವ ದಿನ ಅದು ಓಡಲೇಬೇಕು. ಹಡಗಿನಲ್ಲಿ ಉಪ್ಪುಗಾಳಿಗೆ ಕಾಗದವೆಲ್ಲ ಮೆತ್ತಗಾಗುತ್ತದೆಂದು ಅವನ ಪ್ರಮಾಣಪತ್ರ, ಫೋನ್ ನಂಬರಿನ ಚೀಟಿ, ಮನೆಯವರ ಫೋಟೋ ಹೀಗೆ ಜೊತೆಗೆ ಹೋಗುವ ಪ್ರತಿಯೊಂದನ್ನೂ ಅತ್ತಿಗೆ ಪ್ಲಾಸ್ಟಿಕ್ಕಿನೊಳಗಿಟ್ಟು ಬಿಸಿ ಉರುಳೆಗಳ ಮಧ್ಯೆ ಹಾಯಿಸಿ ಕೊಡುತ್ತಾರೆ. ಬೇರೆ ಹೆಂಡತಿಯರು ಅಳುತ್ತಾರೆ, ಇವಳು ಲ್ಯಾಮಿನೇಷನ್ ಮಾಡ್ತಾಳೆ ಎಂದು ಅಣ್ಣ ಛೇಡಿಸುತ್ತಾನೆ.

ಬಿಸಿ ಉರುಳೆಗಳು!

"ಅತ್ತಿಗೇ, ಬೇಡ!"

ಓಡಿದೆ. ಮೊದಲನೇ ಟ್ಯಾಗ್ ಆಗಲೇ ಯಂತ್ರದ ಆ ಕಡೆ ಬಿದ್ದಿತ್ತು. ಹೊಳೆಯುವ ಪ್ಲಾಸ್ಟಿಕ್ಕಿನೊಳಗೆ, ನುಣ್ಣಗೆ, ಮೂಲೆಯಿಂದ ಮೂಲೆಗೆ ಕಾಡಿಗೆಯ ಹಾಗೆ ಕಪ್ಪು. ಎರಡನೆಯದು ತಲೆ ಮುಂದಾಗಿ ಒಳಗೆ ಹೋಗುತ್ತಿತ್ತು. ಹಿಂದಕ್ಕೆ ತಿರುಗಿಸುವ ಗುಂಡಿಯನ್ನು ಅಂಗೈಯಿಂದ ಗುದ್ದಿದೆ. ಯಂತ್ರ ತಡವರಿಸಿತು, ನಿಂತಿತು, ಆಮೇಲೆ ಟ್ಯಾಗನ್ನು ನಿಧಾನವಾಗಿ ಉಗುಳಿತು.

"ಏನಾಯ್ತೇ? ಕಾರ್ಡ್ ತಾನೇ ಅದು?" ಅತ್ತಿಗೆ ಖಾಲಿ ಲಕೋಟೆಯನ್ನು ತಿರುವಿ ನೋಡಿದರು. "ದೊಡ್ಡ ಪ್ರಿಂಟರಿನದ್ದಲ್ವ?"

ಅಲ್ಲ ಅತ್ತಿಗೆ. ಅದು ಬೆಲೆ ಚೀಟಿಯ ಕಾಗದ. ನಿಮ್ಮನ್ನು ಹೊರಗೆ ಕಳಿಸಿದ್ದು ನಾನು. ಹಣದ ಗುಟ್ಟಿನ ಜೊತೆಗೆ ಯಾವ ಯಂತ್ರದಲ್ಲಿ ಮುದ್ರಿಸಿದೆ ಅನ್ನುವುದನ್ನೂ ಬಚ್ಚಿಟ್ಟವಳು ನಾನು. ಹೇಳಬೇಕಾದದ್ದು ಇಷ್ಟು. ಬಾಯಿಂದ ಬಂದದ್ದು "ಅದು ಶಾಖದ್ದು" ಎಂಬ ಎರಡೇ ಪದ. ಅವರಿಗೆ ಅಷ್ಟೇ ಸಾಕಾಯಿತು. ಕೈ ಚಾಚಿ ಯಂತ್ರದ ಸ್ವಿಚ್ ಆರಿಸಿದರು.

ಎರಡನೇ ಟ್ಯಾಗನ್ನು ಬೆಳಕಿಗೆ ಹಿಡಿದೆ. ಮೊದಲನೇ ಪದ ಪೂರ್ತಿ ಕಪ್ಪಿನಲ್ಲಿ ಮುಳುಗಿತ್ತು. ಎರಡನೆಯ ಪದದ ಮೇಲಿನ ಅಂಚು ಮಸುಕಾಗಿತ್ತು, ಕಷ್ಟಪಟ್ಟರೆ ಓದಬಹುದಿತ್ತು. ಉಳಿದ ಹತ್ತೂ ನೆಟ್ಟಗಿದ್ದವು, ತಳದ ವಿಳಾಸವೂ ಇತ್ತು. ಇಲ್ಲದ್ದು ಒಂದೇ ಒಂದು ಪದ. ಮುದ್ರಿಸುವಾಗ ಅದನ್ನು ಓದಿದ್ದೆ, ಮತ್ತೆ ತುಂಬುವಾಗ ಟೈಪ್ ಕೂಡ ಮಾಡಿದ್ದೆ. ನೆನಪಿಸಿಕೊಳ್ಳಲು ನೋಡಿದರೆ ಬರಲಿಲ್ಲ. ಕಂಪ್ಯೂಟರೂ ಮರೆತಿತ್ತು. ಮರೆಯಲಿ ಎಂದೇ ಅಲ್ಲವೇ ಅದನ್ನು ಆರಿಸಿದ್ದು?

ಅಣ್ಣ ಶರಟಿನ ಗುಂಡಿ ಹಾಕಿಕೊಳ್ಳುತ್ತ ಬಂದ. ನಮ್ಮಿಬ್ಬರ ಮುಖ ನೋಡಿದ. ಕಪ್ಪು ಟ್ಯಾಗನ್ನು ಎತ್ತಿಕೊಂಡ. ಅವನು ಬೈಯಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. ಅದು ನನಗೆ ಇನ್ನಷ್ಟು ಹೆದರಿಕೆ ಹುಟ್ಟಿಸಿತು.

"ಹೋಯ್ತಾ?" ಎಂದ.

"ಒಂದು ಪದ ಇಲ್ಲ. ಆದ್ರೆ ಪದಗಳು ಎಲ್ಲೆಲ್ಲಿಂದಲೋ ಬರಲ್ಲ ಅಣ್ಣ, ಗೊತ್ತಿರೋ ಒಂದು ಪಟ್ಟಿಯಿಂದಲೇ ಬರುತ್ತೆ. ಆ ಪಟ್ಟಿಯ ಒಂದೊಂದೇ ಪದ ಮೊದಲಿಗೆ ಇಟ್ಟು ನೋಡಿದ್ರೆ ಯಾವುದೋ ಒಂದಕ್ಕೆ ಈ ವಿಳಾಸ ಬರಬೇಕು."

"ಎಷ್ಟು ಪದ ಇದೆ ಪಟ್ಟೀಲಿ?"

"ಎರಡು ಸಾವಿರದ ಮೇಲೆ. ಕೈಯಲ್ಲಿ ಹಾಕಿ ನೋಡಿದ್ರೆ ನಾಡಿದ್ದಾಗುತ್ತೆ. ಪ್ರೋಗ್ರಾಂ ಬರೆದ್ರೆ ಬೇಗ ಆಗುತ್ತೆ. ನನಗೆ ಅದು ಸರಿಯಾಗಿ ಬರಲ್ಲ."

"ಯಾರಿಗೆ ಬರುತ್ತೆ?"

ನಾನು ಮೇಜಿನ ಮೇಲಿದ್ದ ಮೇಷ್ಟ್ರ ಪೆನ್‌ಡ್ರೈವ್ ನೋಡಿದೆ. ಯಾರಿಗೆ ಬರುತ್ತದೆಂದು ಅವನಿಗೂ ಗೊತ್ತಿತ್ತು. ಹೊಳೆ ದಾಟುವ ಮುಂಚೆಯೇ ಅಂಬಿಗನನ್ನು ಕಳಿಸಿಕೊಟ್ಟವಳು ನಾನು.

"ಫೋನ್ ಮಾಡು" ಎಂದ ಅಣ್ಣ.

"ಯಾವ ಮುಖ ಇಟ್ಕೊಂಡು ಮಾಡಲಿ?"

"ಫೋನಿನಲ್ಲಿ ಮುಖ ಕಾಣಲ್ಲ. ಮಾಡು."

ಮೇಷ್ಟ್ರು ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. "ಟ್ಯಾಗ್ ಯಾರಿಗೂ ತೋರಿಸಬೇಡ. ಬರ್ತೀನಿ" ಎಂದು ಇಟ್ಟರು.

ಅವರು ಬಂದಾಗ ಟ್ಯಾಕ್ಸಿಯೂ ಬಂದು ನಿಂತಿತ್ತು. ಚಾಲಕ ಬಾಗಿಲು ತೆರೆದಿಟ್ಟುಕೊಂಡು ಗಡಿಯಾರ ನೋಡುತ್ತಿದ್ದ. ಮೇಷ್ಟ್ರು ಯಾರ ಕಡೆಗೂ ನೋಡದೆ ನೇರವಾಗಿ ನನ್ನ ಕೋಣೆಗೆ ಬಂದರು. ತಮ್ಮ ಫೋನನ್ನು ಅತ್ತಿಗೆಯ ಕೈಗೆ ಕೊಟ್ಟರು. ಅತ್ತಿಗೆ ಎಲ್ಲರ ಫೋನುಗಳನ್ನೂ ಮಡಿಲಲ್ಲಿಟ್ಟುಕೊಂಡು ಹೊರಗೆ ಹೋಗಿ ಬಾಗಿಲು ಮುಚ್ಚಿದರು. ನಾನು ಎದ್ದು ನನ್ನ ಕುರ್ಚಿ ಬಿಟ್ಟುಕೊಟ್ಟೆ.

"ಅಲ್ಲಿ ನೀನೇ ಕೂತ್ಕೋ" ಎಂದರು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದುಕೊಂಡು, ಕಂಪ್ಯೂಟರಿಗೆ ಬೆನ್ನು ಮಾಡಿ, ಹೋದ ವರ್ಷದ ಕ್ಯಾಲೆಂಡರ್ ನೇತಾಡುತ್ತಿದ್ದ ಗೋಡೆಗೆ ಮುಖ ಮಾಡಿ ಕೂತರು. "ನನ್ನದಲ್ಲ, ನಿನ್ನ ಪೆನ್‌ಡ್ರೈವ್ ಹಾಕು. ತಾಳೆ ಆದದ್ದು."

"ಸಾರ್, ನೀವು ಈ ಕಡೆ ತಿರುಗಿದ್ರೂ..."

"ಬೇಡ. ನನಗೆ ಕಾಣಬಾರದು. ಪದ ಬಾಯಲ್ಲೂ ಹೇಳಬೇಡ. ನಾನು ಹೇಳಿದ ಹಾಗೆ ಟೈಪ್ ಮಾಡ್ತಾ ಹೋಗು, ಪದ ಬಂದ ಕಡೆ ನೀನೇ ತುಂಬಿಕೋ."

ಅವರು ಗೋಡೆಗೆ ಹೇಳಿದರು, ನಾನು ಟೈಪ್ ಮಾಡಿದೆ. ಪಟ್ಟಿ ಆ ಪೆನ್‌ಡ್ರೈವ್‌ನಲ್ಲೇ ಇತ್ತು. ಒಂದು ಪದ ತೆಗೆದುಕೋ, ಈ ಹನ್ನೊಂದರ ಮುಂದೆ ಇಡು, ವಿಳಾಸ ಹೊರಡಿಸು, ಟ್ಯಾಗಿನ ವಿಳಾಸದ ಜೊತೆ ತಾಳೆ ನೋಡು, ಆಗದಿದ್ದರೆ ಮುಂದಿನ ಪದ. ಆವರಣ ಎಲ್ಲಿ, ಅರ್ಧವಿರಾಮ ಎಲ್ಲಿ ಎಂದು ತರಗತಿಯಲ್ಲಿ ಹೇಳುವಂತೆಯೇ ನಿಧಾನವಾಗಿ ಹೇಳಿದರು. ನನ್ನ ಬೆರಳುಗಳು ಎರಡು ಸಲ ತಪ್ಪಿದವು. ಹೊರಗೆ ಹಾರ್ನ್ ಕೇಳಿಸಿತು. ಅಣ್ಣ ನನ್ನ ಹಿಂದೆ ನಿಂತಿದ್ದ. ಅವನ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು.

"ಓಡಿಸು" ಎಂದರು ಮೇಷ್ಟ್ರು.

ಓಡಿತು. ಏನೂ ಸಿಗದೆ ನಿಂತಿತು.

"ಇಲ್ಲ ಸಾರ್." ಪರದೆಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ನೋಡಿದೆ. "ಪಟ್ಟಿ ಪೂರ್ತಿ ಮುಗೀತು. ಯಾವುದೂ ಇಲ್ಲ."

ಮೇಷ್ಟ್ರ ಬೆನ್ನು ಅಲ್ಲಾಡಲಿಲ್ಲ. "ಎರಡನೇ ಪದ ಮಸುಕಾಗಿದೆ ಅಂದೆಯಲ್ಲ, ಅದು ಪಟ್ಟಿಯಲ್ಲಿ ಇದೆಯಾ ನೋಡಿದ್ಯಾ? ನೀನು ಓದಿದ್ದು ಸರಿನಾ?"

ಪಟ್ಟಿ ತೆರೆದೆ. ನಾನು ಓದಿದ ಪದ ಅದರಲ್ಲಿ ಇತ್ತು. ಅದರ ಸ್ವಲ್ಪ ಕೆಳಗೆ, ಒಂದೇ ಅಕ್ಷರ ಬೇರೆಯಿರುವ ಇನ್ನೊಂದು ಪದವೂ ಇತ್ತು. ಟ್ಯಾಗನ್ನು ದೀಪದ ಹತ್ತಿರಕ್ಕೆ ಒಯ್ಯಲು ಹೋಗಿ, ಬಿಸಿಯ ನೆನಪಾಗಿ ಸುಟ್ಟವಳಂತೆ ಕೈ ಹಿಂದೆಗೆದೆ. ಕಿಟಕಿಯ ಬಳಿ ಹೋಗಿ ಸಂಜೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಯಾವುದು ಸರಿ ಎಂದು ಹೇಳಲಾಗಲಿಲ್ಲ. ಪದ ಬದಲಾಯಿಸಿ ಮತ್ತೆ ಓಡಿಸಿದೆ.

ಪರದೆಯ ಮೇಲೆ ಒಂದು ಪದ ಬಂದು ನಿಂತಿತು. ಅದು ಯಾವುದೆಂದು ಇಲ್ಲಿಯೂ ಬರೆಯುವುದಿಲ್ಲ. ಬಹಳ ಸಾಧಾರಣ ಪದ. ನೋಡಿದ ಕೂಡಲೇ, ಇದನ್ನು ಹೇಗೆ ಮರೆತೆ ಎನ್ನಿಸಿತು.

ಅಣ್ಣನ ಕೈ ನನ್ನ ಭುಜವನ್ನು ನೋಯುವಷ್ಟು ಹಿಡಿಯಿತು.

"ಸಿಕ್ಕಿತು ಸಾರ್."

"ಪೆನ್ಸಿಲ್ ಇದೆಯಾ? ಪೆನ್ಸಿಲಿನಲ್ಲಿ ಬರಿ. ಲ್ಯಾಮಿನೇಷನ್‌ಗೆ ಹಾಕಿದ್ರೂ ಅದಕ್ಕೇನೂ ಆಗಲ್ಲ" ಎಂದರು ಗೋಡೆಗೆ. ಅವರು ನಕ್ಕರೋ ಇಲ್ಲವೋ ಕಾಣಲಿಲ್ಲ.

ಎರಡು ಸಾದಾ ಕಾರ್ಡಿನ ಮೇಲೆ ದೊಡ್ಡ ಅಕ್ಷರಗಳಲ್ಲಿ ಹನ್ನೆರಡು ಪದ ಬರೆದೆ. ಹೊರಗೆ ಹಾರ್ನ್ ಬಿಡದೆ ಕೂಗುತ್ತಿತ್ತು. ಅಣ್ಣ ಒಂದನ್ನು ತೆಗೆದುಕೊಳ್ಳಲು ಕೈ ಚಾಚಿದ.

"ತಾಳು" ಎಂದೆ. "ನಾನು ಬರೆದದ್ದು ಸರಿ ಇದೆಯಾ ಅಂತ ಈ ಕಾರ್ಡ್ ನೋಡಿಯೇ ಮತ್ತೆ ತುಂಬಬೇಕು. ಎರಡನ್ನೂ."

ಅವನು ಬಾಗಿಲ ಕಡೆ ನೋಡಿದ. ಪುಕ್ಕಲಿ ಎನ್ನುತ್ತಾನೆಂದು ಕಾದೆ.

"ನೋಡು" ಎಂದ. "ನಿಧಾನವಾಗಿ ನೋಡು. ಟ್ಯಾಕ್ಸಿಯವನಿಗೆ ನಾನು ಹೇಳ್ತೀನಿ."

ಮೊದಲನೇ ಕಾರ್ಡ್ ಸರಿಯಿತ್ತು. ಎರಡನೆಯದೂ ಸರಿಯಿತ್ತು. ಅಣ್ಣ ತನ್ನದನ್ನು ಒಳಜೇಬಿಗೆ ಸೇರಿಸಿ, ಬಾಗಿಲು ತೆರೆದು ಅತ್ತಿಗೆಯ ಕೈಗೆ ಅವರದನ್ನು ಕೊಟ್ಟು ತನ್ನ ಫೋನ್ ತೆಗೆದುಕೊಂಡ. ಕಪ್ಪು ಟ್ಯಾಗನ್ನೂ ಬಿಡದೆ ಎತ್ತಿಕೊಂಡ. "ಇದನ್ನೂ ಒಯ್ತೀನಿ. ನಿನ್ನ ಲೆಕ್ಕದಲ್ಲಿ ಇದಕ್ಕಿಂತ ಭದ್ರವಾದ ಕಾಗದ ಇನ್ನೊಂದಿಲ್ಲ. ಕಳ್ಳ ಬಿಡು, ನನಗೇ ಗೊತ್ತಾಗಲ್ಲ!" ಅತ್ತಿಗೆ ನಗುತ್ತ ಅತ್ತರು. ಮೇಷ್ಟ್ರ ಬೆನ್ನಿಗೆ ಅಣ್ಣ ಕೈ ಮುಗಿದ. ಟ್ಯಾಕ್ಸಿಯ ಬಾಗಿಲು ಹಾಕಿದ ಸದ್ದು ಬಂತು.

"ಈಗ ತಿರುಗಬಹುದಾ?" ಕೇಳಿದರು ಮೇಷ್ಟ್ರು. "ಕತ್ತು ಹಿಡಕೊಂಡಿದೆ."

"ಒಂದು ನಿಮಿಷ ಸಾರ್."

ಪೆನ್‌ಡ್ರೈವ್ ಕಿತ್ತೆ. ಪರದೆ ಕಪ್ಪಾಗುವವರೆಗೂ ನೋಡಿದೆ. ಮಸುಕಾದ ಟ್ಯಾಗನ್ನು ಸಣ್ಣ ಚೂರು ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಆಮೇಲೆ, "ತಿರುಗಿ ಸಾರ್" ಎಂದೆ.

ಅವರು ಕತ್ತು ಉಜ್ಜಿಕೊಳ್ಳುತ್ತ ತಿರುಗಿ ಮೇಜಿನ ಮೇಲಿದ್ದ ತಮ್ಮ ಪೆನ್‌ಡ್ರೈವ್ ತೆಗೆದುಕೊಂಡರು. ಸ್ವಲ್ಪ ಹೊತ್ತು ಅದನ್ನೇ ಬೆರಳುಗಳ ಮಧ್ಯೆ ಹೊರಳಿಸಿದರು.

"ಇದಕ್ಕೆ ಏನೇನು ಸೇರಿಸಿದೆ, ಎಲ್ಲಿಂದ ತಂದೆ ಅಂತ ನಾನು ಕೊಡುವಾಗಲೇ ಹೇಳಬೇಕಿತ್ತು."

"ಯಾವ ಪ್ರಿಂಟರ್ ಅಂತ ನಾನೂ ಅತ್ತಿಗೆಗೆ ಹೇಳಬೇಕಿತ್ತು ಸಾರ್."

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು, ಮಡಿಲಲ್ಲಿ ಉಳಿದ ಫೋನುಗಳು. "ಇಬ್ಬರೂ ಆಮೇಲೆ ಹೇಳ್ಕೊಳ್ಳಿ" ಎಂದರು. "ಈ ಕಾರ್ಡ್ ನಾನು ಎಲ್ಲಿಡಲಿ? ಅದನ್ನ ಮೊದಲು ಹೇಳಿ."